ನಾಲ್ಕಡಿ ಮಂಚದ ಕೌದಿ ಆರಡಿ ಮಂಚಕ್ಕೆ

ಮದ್ದೂರು, ಮಳವಳ್ಳಿ, ಮಂಡ್ಯದ ಕಡೆ ಮದುವೆಗೆ ಮಂಚ, ಹಾಸಿಗೆ, ಬೀರು ಕೊಡುವ ರೂಢಿ ಇನ್ನೂ ಹೋಗಿಲ್ಲ. ಹೋಗಿರುವುದು ಮಂಚದ ಅಳತೆ. ಹಿಂದೆ ಬಡಗಿಗೆ ‘ನಾಲ್ಕು ಬೈ ಆರು’ ಎಂದರೆ ಸಾಕಿತ್ತು. ಈಗ ಯಾರನ್ನು ಕೇಳಿದರೂ ‘ಆರು ಬೈ ಆರೂವರೆ’. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಹೊಲಿದಿಟ್ಟ ಕೌದಿ ಮಾತ್ರ ಹಳೇ ಅಳತೆಯಲ್ಲೇ ಇದೆ. ಹೊಸ ಮಂಚದ ಮೇಲೆ ಹರಡಿದರೆ ಅದು ನಡುವೆ ಕೂತುಬಿಡುತ್ತದೆ. ರಾತ್ರಿ ಒಬ್ಬರು ಎಳೆದುಕೊಂಡರೆ ಇನ್ನೊಬ್ಬರಿಗೆ ಎಚ್ಚರ.

ಹೊಸದು ಹೊಲಿಯೋಣ, ಆದರೆ ಅದೇ ಮಾದರಿ ಬೇಕು ಅನ್ನುವವರಿಗಾಗಿ ಈ ಲೆಕ್ಕ. ಹಳೆಯದನ್ನೇ ಅಗಲ ಮಾಡುವ ದಾರಿಯೂ ಇದೆ, ಅದು ಕೊನೆಗೆ.

ಟೈಲರ್ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಬರುವ ಸಲಹೆ ಒಂದೇ: ‘ಸುತ್ತಾ ಒಂದ್ ಬಾರ್ಡರ್ ಹಾಕ್ಬುಡಿ ಅಕ್ಕ, ಆಯ್ತದೆ.’ ಆಗುವುದಿಲ್ಲ. ಏಕೆಂದರೆ ಮಂಚ ಎಲ್ಲ ಕಡೆಯೂ ಒಂದೇ ಸಮ ಬೆಳೆದಿಲ್ಲ. ನಾಲ್ಕು ಬೈ ಆರು ಅಂದರೆ 48×72 ಇಂಚು. ಆರು ಬೈ ಆರೂವರೆ ಅಂದರೆ 72×78. ಅಗಲ 24 ಇಂಚು ಹೆಚ್ಚಿದೆ, ಉದ್ದ ಬರೀ 6. ಮಲಗುವವರು ಇಬ್ಬರಾದರು, ಯಾರೂ ಎತ್ತರ ಬೆಳೆಯಲಿಲ್ಲ. ವಿಷಯ ಇರುವುದೇ ಇಲ್ಲಿ: ಕೌದಿಯ ಅಗಲವನ್ನು ಒಂದು ಲೆಕ್ಕದಲ್ಲಿ, ಉದ್ದವನ್ನು ಇನ್ನೊಂದು ಲೆಕ್ಕದಲ್ಲಿ ಹೆಚ್ಚಿಸಬೇಕು.

ಉದಾಹರಣೆಗೆ ಒಂದು ಹಳೇ ಕೌದಿ ತೆಗೆದುಕೊಳ್ಳೋಣ. 9 ಇಂಚಿನ ಚೌಕಗಳು, ಅಡ್ಡಕ್ಕೆ 6, ಉದ್ದಕ್ಕೆ 9. ಒಟ್ಟು 54 ಚೌಕ, 54×81 ಇಂಚಿನ ಕೌದಿ. ಹೊಸ ಮಂಚಕ್ಕೆ ಅಗಲ 90 ಇಂಚು ಬೇಕು ಎಂದಿಟ್ಟುಕೊಳ್ಳಿ. ಟೈಲರ್ ಮಾತಿನಂತೆ ಸುತ್ತ 18 ಇಂಚು ಬಾರ್ಡರ್ ಕೊಟ್ಟರೆ ಅಗಲವೇನೋ 90 ಆಗುತ್ತದೆ, ಉದ್ದ 117ಕ್ಕೆ ಹೋಗುತ್ತದೆ. ಹತ್ತಿರ ಹತ್ತಡಿ! ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿದಂತೆ ಇಡೀ ಮಾದರಿಯನ್ನು ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಇನ್ನೂ ಕೆಟ್ಟದು, ಉದ್ದ 135 ಇಂಚು. ನೆಲ ಒರೆಸುವುದಕ್ಕೆ ಬೇರೆ ಬಟ್ಟೆ ಬೇಕಾಗುವುದಿಲ್ಲ.

ಮೊದಲು ಮಂಚ ಅಳೆಯಿರಿ

ಅಂಗಡಿಯ ರಸೀದಿಯಲ್ಲಿ ಬರೆದ ಅಳತೆ ನಂಬಬೇಡಿ. ಹಾಸಿಗೆ ಹಾಕಿ, ಬೆಡ್‌ಶೀಟ್ ಹೊದಿಸಿ, ಅದರ ಮೇಲೆ ಟೇಪು ಹಿಡಿಯಿರಿ. ಟೈಲರ್ ಟೇಪು 60 ಇಂಚಿಗೆ ಮುಗಿಯುತ್ತದೆ, ಎರಡು ಸಲ ಹಿಡಿಯುವಾಗ ಒಂದಿಂಚು ತಪ್ಪುವುದು ಸುಲಭ. ಬಡಗಿಯ ಉಕ್ಕಿನ ಟೇಪು ಸಿಕ್ಕರೆ ಒಳ್ಳೆಯದು. ಆಮೇಲೆ ಹಾಸಿಗೆಯ ದಪ್ಪ ನೋಡಿ. ಹತ್ತಿಯ ಹಾಸಿಗೆ ಮಲಗಿ ಮಲಗಿ ಮೂರು ನಾಲ್ಕು ಇಂಚಿಗೆ ಇಳಿದಿರುತ್ತದೆ. ಫೋಮ್, ಸ್ಪ್ರಿಂಗ್ ಆದರೆ 6, 8 ಇಂಚೂ ಇರುತ್ತದೆ. ಹೊಸ ಮಂಚಕ್ಕೆ ಹಳೇ ಕೌದಿ ಸಾಲದೆ ಹೋಗುವುದಕ್ಕೆ ಈ ದಪ್ಪವೂ ಒಂದು ಕಾರಣ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

6 ಇಂಚು ದಪ್ಪದ ಹಾಸಿಗೆಗೆ ಎರಡೂ ಪಕ್ಕ 9 ಇಂಚು ಇಳಿಬಿಟ್ಟರೆ 72+9+9, ಅಂದರೆ 90. ಉದ್ದಕ್ಕೆ ತಲೆ ಕಡೆ ಏನೂ ಬೇಡ, ಕಾಲ ಕಡೆ ಮಾತ್ರ 12 ಇಂಚು: 78+12, ಮತ್ತೆ 90. ದಿಂಬಿನ ಮೇಲೂ ಹೊದಿಸಿ ಕೆಳಗೆ ಸಿಕ್ಕಿಸುವ ಅಭ್ಯಾಸ ಇದ್ದವರು ಇನ್ನೂ ಒಂದೂವರೆ ಅಡಿ ಸೇರಿಸಬಹುದು. ನಮ್ಮ ಮನೆಗಳಲ್ಲಿ ಬೆಳಗಾದರೆ ಕೌದಿ ಮಡಿಚಿಡುತ್ತೇವಾದ್ದರಿಂದ ನನ್ನ ಪ್ರಕಾರ ಅದು ದಂಡದ ಬಟ್ಟೆ. ಕಾಲ ಕಡೆ ಹಾಸಿಗೆಗಿಂತ ಎತ್ತರದ ಹಲಗೆ ಇದ್ದರೆ ಕೌದಿ ಅದಕ್ಕೆ ತಾಗಿ ಮುದುಡುತ್ತದೆ. ಅಂಥ ಮಂಚಕ್ಕೆ ಆ 12 ಇಂಚನ್ನು 6ಕ್ಕೆ ಇಳಿಸಿ.

ಕೈಹೊಲಿಗೆ ಬಿದ್ದ ಮೇಲೆ, ಒಂದು ಸಲ ನೀರು ಕಂಡ ಮೇಲೆ ಕೌದಿ ಕುಗ್ಗುತ್ತದೆ. ಹೊಲಿಗೆ ಹತ್ತಿರ ಹತ್ತಿರ ಇದ್ದಷ್ಟೂ ಹೆಚ್ಚು. 90 ಇಂಚಿನದು 87ರ ಆಸುಪಾಸಿಗೆ ಬಂದರೆ ಆಶ್ಚರ್ಯವಿಲ್ಲ. ಆಗಲೂ ಪಕ್ಕಕ್ಕೆ ಏಳು ಇಂಚು ಉಳಿಯುತ್ತದೆ, ಹಾಸಿಗೆ ಮುಚ್ಚುತ್ತದೆ. 6 ಇಂಚಿನ ಹಾಸಿಗೆಗೆ 9 ಇಂಚು ಹಿಡಿದದ್ದು ಅದಕ್ಕೇ.

ಚುಕ್ಕಿ ಹೆಚ್ಚಿಸುವುದೋ, ದೂರ ಇಡುವುದೋ

ಹಳೇ ಕೌದಿಯನ್ನು ನೆಲಕ್ಕೆ ಹರಡಿ, ಚೌಕದ ಗೆರೆಯಿರುವ ಲೆಕ್ಕದ ಪುಸ್ತಕದಲ್ಲಿ ಅದರ ನಕ್ಷೆ ಬರೆದುಕೊಳ್ಳಿ. ಒಂದು ಮನೆಗೆ ಒಂದು ಚೌಕ, ಬಣ್ಣಕ್ಕೊಂದು ಗುರುತು. ಇಷ್ಟು ಮಾಡಿದರೆ ಮುಂದಿನದು ರಂಗೋಲಿ ಹಾಕಿದವರಿಗೆ ಗೊತ್ತಿರುವುದೇ. ಹಬ್ಬದ ದಿನ ಅಂಗಳ ತುಂಬ ರಂಗೋಲಿ ಬೇಕೆಂದರೆ ಚುಕ್ಕಿಗಳ ಸಂಖ್ಯೆ ಹೆಚ್ಚಿಸುತ್ತೀರಿ, ಇಲ್ಲವೇ ಅಷ್ಟೇ ಚುಕ್ಕಿಗಳನ್ನು ದೂರ ದೂರ ಇಡುತ್ತೀರಿ. ಕೌದಿಗೂ ಈ ಎರಡೇ ದಾರಿ, ಉಳಿದದ್ದೆಲ್ಲ ಇವುಗಳ ಬೆರಕೆ.

ಚುಕ್ಕಿ ಹೆಚ್ಚಿಸುವ ದಾರಿ: ಚೌಕ 9 ಇಂಚೇ ಇರಲಿ. ಅಡ್ಡಕ್ಕೆ 6 ಇದ್ದದ್ದನ್ನು 9 ಮಾಡಿ. ಉದ್ದಕ್ಕೆ 9 ಇದ್ದದ್ದು ಹಾಗೇ ಇರಲಿ. 81×81 ಆಯಿತು. ಸುತ್ತ ನಾಲ್ಕೂವರೆ ಇಂಚಿನ ಬಾರ್ಡರ್ ಕೊಟ್ಟರೆ 90×90. ಮೂರು ಸಾಲು, 27 ಚೌಕ ಮಾತ್ರ ಹೆಚ್ಚಿಗೆ ಕತ್ತರಿಸಬೇಕು. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ, ಮಾದರಿ ಒಂದಿಷ್ಟೂ ಕೆಡುವುದಿಲ್ಲ.

ಇದರಲ್ಲಿ ಒಂದು ಲಾಭ ತಾನಾಗಿ ಬರುತ್ತದೆ. ಕೆಂಪು, ಬಿಳಿ ಒಂದು ಬಿಟ್ಟು ಒಂದು ಬರುವ ಚದುರಂಗದ ಮಾದರಿ ನೋಡಿ. ಅಡ್ಡಕ್ಕೆ 6 ಸಮಸಂಖ್ಯೆ. ಎಡಮೂಲೆಯಲ್ಲಿ ಕೆಂಪು ಬಂದರೆ ಬಲಮೂಲೆಯಲ್ಲಿ ಬಿಳಿ. 9×9ರಲ್ಲಿ ನಾಲ್ಕು ಮೂಲೆಯೂ ಕೆಂಪು, ಸರಿಯಾಗಿ ನಟ್ಟನಡುವಿನ ಚೌಕವೂ ಕೆಂಪು. ಕೆಂಪು 41, ಬಿಳಿ 40. ಚೌಕ ಸೇರಿಸುವಾಗ ಬೆಸಸಂಖ್ಯೆಗೆ ನಿಲ್ಲಿಸಿದರೆ ಕೌದಿಗೆ ಒಂದು ನಡು ಸಿಗುತ್ತದೆ. ಹಾಗೆಂದು ಹಳೇ ಕೌದಿಯಲ್ಲಿ ಮೂಲೆಗಳು ಬೇರೆ ಬೇರೆ ಇದ್ದದ್ದೇ ನಿಮಗೆ ಇಷ್ಟವಾದರೆ 10×10 ಮಾಡಿ, ಬಾರ್ಡರ್ ಬಿಡಿ. ಅದೂ 90 ಇಂಚೇ.

ಎರಡನೆಯ ದಾರಿ ಚೌಕವನ್ನೇ ದೊಡ್ಡದು ಮಾಡುವುದು. 9 ಇಂಚಿನದನ್ನು 12 ಇಂಚು ಮಾಡಿ, ಅಡ್ಡಕ್ಕೆ 7, ಉದ್ದಕ್ಕೆ 7 ಇಟ್ಟರೆ 84×84. ಸುತ್ತ 3 ಇಂಚು ಬಾರ್ಡರ್, 90×90. ಚೌಕಗಳ ಸಂಖ್ಯೆ 49. ಹಳೇ ಚಿಕ್ಕ ಕೌದಿಗಿಂತಲೂ ಕಮ್ಮಿ! ಬಿಡುವು ಕಡಿಮೆ ಇದ್ದವರು ಇದನ್ನೇ ಹಿಡಿಯಬೇಕು. ಕೊರತೆ ಎಂದರೆ ಸಣ್ಣ ಚೂರುಗಳು ಉಪಯೋಗಕ್ಕೆ ಬರುವುದಿಲ್ಲ, ಮತ್ತೆ ಸಣ್ಣ ಹೂವಿನ ಬಟ್ಟೆ ಅಷ್ಟು ದೊಡ್ಡ ಚೌಕದಲ್ಲಿ ಸಪ್ಪೆಯಾಗಿ ಕಾಣುತ್ತದೆ.

ಚೌಕ ದೊಡ್ಡದು ಮಾಡುವಾಗ ಎಲ್ಲರೂ ಎಡವುವುದು ಮಾರ್ಜಿನ್‌ನಲ್ಲಿ. ಚೌಕ ಹಿಗ್ಗುತ್ತದೆ, ಹೊಲಿಗೆಗೆ ಬಿಡುವ ಬಟ್ಟೆ ಹಿಗ್ಗಬಾರದು. ನಮ್ಮ ಕಡೆ ಅರ್ಧ ಇಂಚು ಬಿಡುತ್ತಾರೆ; 9 ಇಂಚಿನ ಚೌಕಕ್ಕೆ 10 ಇಂಚು ಕತ್ತರಿಸುತ್ತಾರೆ. 12ಕ್ಕೆ 13 ಕತ್ತರಿಸಬೇಕು. ಆದರೆ ಹಳೇ ರಟ್ಟಿನ ಅಚ್ಚನ್ನೇ ಝೆರಾಕ್ಸ್‌ನಲ್ಲಿ 133 ಪರ್ಸೆಂಟ್‌ಗೆ ದೊಡ್ಡದು ಮಾಡಿಸಿ ತಂದರೆ 13⅓ ಬರುತ್ತದೆ. ಮೂರನೇ ಒಂದು ಇಂಚು ಯಾವ ಲೆಕ್ಕ ಅನಿಸಬಹುದು. ಏಳು ಚೌಕಕ್ಕೆ ಎರಡೂಕಾಲು ಇಂಚು ದಾಟುತ್ತದೆ, ಬಾರ್ಡರ್ ಕೂರುವುದೇ ಇಲ್ಲ. ಎರಡು ಬಣ್ಣದ ತ್ರಿಕೋನ ಸೇರಿಸಿ ಮಾಡುವ ಚೌಕಕ್ಕಂತೂ ಲೆಕ್ಕವೇ ಬೇರೆ: ಓರೆ ಹೊಲಿಗೆ ಹೆಚ್ಚು ಬಟ್ಟೆ ತಿನ್ನುತ್ತದೆ. ಅರ್ಧ ಇಂಚು ಮಾರ್ಜಿನ್ ಇದ್ದರೆ ಬೇಕಾದ ಅಳತೆಗೆ 1¾ ಇಂಚು ಸೇರಿಸಿ ಚೌಕ ಕತ್ತರಿಸಿ, ಆಮೇಲೆ ಮೂಲೆಯಿಂದ ಮೂಲೆಗೆ ಸೀಳಬೇಕು. ಕಾಲಿಂಚು ಮಾರ್ಜಿನ್ ಬಿಡುವವರಿಗೆ ಅದು ⅞ ಇಂಚು. ಯಾವ ಮಾದರಿಯಾಗಲಿ, ಹೊಲಿದ ಮೇಲೆ ಕಾಣುವ ಅಳತೆಯನ್ನು ಮೊದಲು ಹಿಗ್ಗಿಸಿ, ಕೊನೆಗೆ ಮಾರ್ಜಿನ್ ಸೇರಿಸಿ.

ಚೌಕಗಳ ನಡುವೆ ಪಟ್ಟಿ ಕೊಡುವುದು ಚುಕ್ಕಿಯನ್ನು ದೂರ ಇಟ್ಟ ಹಾಗೆ. 9 ಇಂಚಿನ ಚೌಕ 8×8, ನಡುನಡುವೆ ಏಳು ಪಟ್ಟಿ ಎರಡೆರಡು ಇಂಚಿನವು, ಸುತ್ತ ಎರಡಿಂಚು ಬಾರ್ಡರ್: 72+14+4, ಮತ್ತೆ 90. ಬೇರೆ ಬೇರೆ ಸೀರೆಯ ಚೂರುಗಳು ಒಂದಕ್ಕೊಂದು ಹೊಂದದೆ ಕಿತ್ತಾಡುತ್ತಿದ್ದರೆ ಒಂದೇ ಬಣ್ಣದ ಪಟ್ಟಿ ಅವನ್ನು ಸಮಾಧಾನಕ್ಕೆ ತರುತ್ತದೆ. ಪಟ್ಟಿಗೆ ಗಟ್ಟಿ ಬಣ್ಣ ಹಾಕಿ; ಬಿಳಿ ಹಾಕಿದರೆ ಮಂಡ್ಯದ ಕೆಂಪು ಮಣ್ಣಿನ ಧೂಳಿಗೆ ಮೊದಲು ಮಾಸುವುದು ಅದೇ.

ಚೌಕವನ್ನು ಓರೆಯಾಗಿ ಕೂರಿಸುವ ವಿದ್ಯೆಯೂ ಒಂದಿದೆ. 9 ಇಂಚಿನ ಚೌಕ ಮೂಲೆಯಿಂದ ಮೂಲೆಗೆ 12¾ ಇಂಚು ಬರುತ್ತದೆ, ಏಳು ಇಟ್ಟರೆ 89. ಚೆಂದವಿದೆ. ಅಂಚಿನ ತ್ರಿಕೋನಗಳನ್ನು ಕ್ರಾಸ್ ಬಟ್ಟೆಯಲ್ಲಿ ಕತ್ತರಿಸಿದರೆ ಜಗ್ಗಿ ಜಗ್ಗಿ ಇಡೀ ಕೌದಿ ಸೊಟ್ಟಗಾಗುತ್ತದೆ. ಕೈ ಪಳಗಿದವರಿಗೆ ಬಿಡೋಣ.

ಸೀರೆಯ ಲೆಕ್ಕ

ಬಟ್ಟೆ ಎಷ್ಟು? ಕೌದಿಯ ಅಳತೆಗೋಲು ಸೀರೆ. ಐದೂವರೆ ಮೀಟರ್ ಅಂದರೆ 216 ಇಂಚು ಉದ್ದ, 45ರ ಸುಮಾರು ಅಗಲ. 10 ಇಂಚಿನ ಚೌಕ ಅಡ್ಡಕ್ಕೆ 4, ಉದ್ದಕ್ಕೆ 21 ಬರುತ್ತದೆ. ಅಂದರೆ ಕಾಗದದ ಮೇಲೆ ಒಂದೇ ಸೀರೆಯಲ್ಲಿ 84 ಚೌಕ, ನಮ್ಮ 81ಕ್ಕೆ ಸಾಕು. ಉಟ್ಟ ಸೀರೆ ಹಾಗೆ ಲೆಕ್ಕ ಕೊಡುವುದಿಲ್ಲ. ಹಿಮ್ಮಡಿ ತಾಗುವ ಕೆಳಗಿನ ಅಂಚು ನವೆದಿರುತ್ತದೆ, ಸೊಂಟಕ್ಕೆ ಸಿಕ್ಕಿಸುವ ಕಡೆ ಎಳೆ ಬಿಟ್ಟಿರುತ್ತದೆ, ಪಿನ್ ಹಾಕುವ ಹೆಗಲ ಜಾಗ ಹರಿದಿರುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ: ಜಾಲರಿಯಂತೆ ಕಂಡ ಕಡೆ ಮೇಲ್ಪದರಕ್ಕೆ ಬೇಡ, ಒಳಪದರಕ್ಕೆ ಹಾಕಿ. ಅಲ್ಲಿ ಎಂಥ ತುಂಡೂ ನಡೆಯುತ್ತದೆ.

ಕತ್ತರಿಸಿದ ಅಂಚನ್ನು ಎಸೆಯಬೇಡಿ. 90 ಇಂಚಿನ ಕೌದಿಯ ಸುತ್ತಳತೆ 360. ಮೂಲೆ, ಜೋಡಣೆ ಸೇರಿ 372 ಇಂಚು ಪಟ್ಟಿ ಇದ್ದರೆ ಸುತ್ತ ಕಟ್ಟು ಹಾಕಬಹುದು. ಒಂದು ಸೀರೆಯ ಎರಡು ಅಂಚು ಸೇರಿ 432 ಇಂಚು. ಎರಡೂವರೆ ಇಂಚು ಅಗಲದ ನೂಲಿನ ಅಂಚಾದರೆ ಬೇರೆ ಬಟ್ಟೆಯೇ ಬೇಡ, ನೇಯ್ಗೆಯೂ ಬಿಗಿ. ಜರಿಯ ಅಂಚು ಮಾತ್ರ ಬೇಡ, ಗಲ್ಲಕ್ಕೆ ಗೀರುತ್ತದೆ.

ಈಗ ಗಾರ್ಮೆಂಟ್ಸ್ ಕಾರ್ಖಾನೆಗಳ ಕಟ್‌ಪೀಸ್ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ; ನೋಡಲು ಆಸೆ ಹುಟ್ಟಿಸುತ್ತದೆ. ಬನಿಯನ್ ಬಟ್ಟೆಯಂತೆ ಜಗ್ಗುವುದನ್ನು ಬದಿಗಿಡಿ. ಹತ್ತಿಯೋ ಪಾಲಿಯೆಸ್ಟರ್ರೋ ತಿಳಿಯದಿದ್ದರೆ ಒಂದೆಳೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡನ್ನೂ ಒಂದೇ ಕೌದಿಗೆ ಹಾಕಿದರೆ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಮೊದಲ ಒಗೆತಕ್ಕೇ ಚೌಕಗಳು ಉಬ್ಬಿಕೊಳ್ಳುತ್ತವೆ. ಹೊಸ ಹತ್ತಿ ಬಟ್ಟೆಯಾದರೆ ಮೊದಲು ನೆನೆಸಿ ಒಣಗಿಸಿ ಆಮೇಲೆ ಕತ್ತರಿ ಹಾಕಿ. ಬಣ್ಣ ಬಿಡುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಕೆಳಪದರ ಮೇಲ್ಪದರಕ್ಕಿಂತ ನಾಲ್ಕೂ ಕಡೆ ಮೂರು ನಾಲ್ಕು ಇಂಚು ದೊಡ್ಡದಿರಬೇಕು, ಸುಮಾರು 98×98. ಸೀರೆಯನ್ನು 98 ಇಂಚಿನ ಎರಡು ತುಂಡು ಮಾಡಿ ಅಗಲಕ್ಕೆ ಸೇರಿಸಿದರೆ 89 ಬರುತ್ತದೆ, ಸಾಲದು. ಇನ್ನೊಂದು ಸೀರೆಯಿಂದ 10 ಇಂಚಿನ ಪಟ್ಟಿ ತೆಗೆದು ಎರಡರ ನಡುವೆ ಸೇರಿಸಿ. ನಡುವೆಯೇ ಏಕೆ ಅಂದರೆ, ಎರಡೇ ತುಂಡಾದರೆ ಜೋಡಿಸಿದ ಹೊಲಿಗೆ ಸರಿಯಾಗಿ ಕೌದಿಯ ಮಡಿಕೆ ಬೀಳುವ ಗೆರೆಯ ಮೇಲೇ ಬಂದು ಬೇಗ ಸವೆಯುತ್ತದೆ. ನಡುಪಟ್ಟಿ ಇದ್ದರೆ ಹೊಲಿಗೆಗಳು ಮಡಿಕೆಯಿಂದ ಆಚೀಚೆ ಸರಿಯುತ್ತವೆ.

ಇನ್ನು ತೂಕ. 54×81 ಎಲ್ಲಿ, 90×90 ಎಲ್ಲಿ. ಮೈ ಹತ್ತಿರ ಹತ್ತಿರ ಎರಡರಷ್ಟು. ಹಳೆಯದರಲ್ಲಿ ಐದು ಪದರ ಇತ್ತೆಂದು ಇದಕ್ಕೂ ಐದು ಹಾಕಿದರೆ ಒದ್ದೆಯಾದಾಗ ಒಬ್ಬರಿಂದ ಎತ್ತಲಾಗುವುದಿಲ್ಲ, ಸಣ್ಣ ವಾಷಿಂಗ್ ಮಷೀನಿಗೆ ಹಿಡಿಯುವುದೂ ಇಲ್ಲ. ವಿಶ್ವೇಶ್ವರಯ್ಯ ನಾಲೆಯ ಬದಿಯಲ್ಲಿ ಇಬ್ಬರು ನಿಂತು ಎರಡು ತುದಿ ಹಿಡಿದು ಹಿಂಡುವ ಕಾಲ ಎಲ್ಲ ಮನೆಗೂ ಈಗಿಲ್ಲ. ಮದ್ದೂರಿನ ಚಳಿಗೆ ಮೂರು ಪದರ ಧಾರಾಳ ಸಾಕು. ದೊಡ್ಡದು ಮಾಡುವಾಗ ತೆಳ್ಳಗೆ ಮಾಡಿ.

ಹಳೆಯದನ್ನೇ ಅಗಲ ಮಾಡುವುದು

ಹೊಲಿದು ಮುಗಿದ ಕೌದಿಯನ್ನು ಬಿಚ್ಚಬೇಕಿಲ್ಲ. 54×81ರ ಎರಡು ಪಕ್ಕಕ್ಕೂ 18 ಇಂಚು, ಕಾಲ ಕಡೆ 9 ಇಂಚು ಸೇರಿಸಿದರೆ ಸರಿಯಾಗಿ 90×90. ಪಕ್ಕಕ್ಕೆ ಎರಡೆರಡು ಚೌಕದ ಸಾಲು, ಕೆಳಗೆ ಒಂದು ಸಾಲು. ಈ ಹೊಸ ಭಾಗಗಳನ್ನು ಬೇರೆಯಾಗಿ, ಹಳೆಯದರಷ್ಟೇ ಪದರದ ಸಣ್ಣ ಕೌದಿಗಳಂತೆ ಹೊಲಿದುಕೊಳ್ಳಿ. ಸೇರಿಸುವ ಅಂಚಿನಲ್ಲಿ ಮಾತ್ರ ಒಂದೂವರೆ ಇಂಚು ಹೊಲಿಯದೆ ಬಿಡಿ. ಹಳೇ ಕೌದಿಯ ಅಂಚಿನ ಕಟ್ಟು ಬಿಚ್ಚಿ ಅಲ್ಲೂ ಅಷ್ಟೇ ಹೊಲಿಗೆ ಬಿಡಿಸಿ. ಆಮೇಲೆ ಮೇಲ್ಪದರಕ್ಕೆ ಮೇಲ್ಪದರ ಸೇರಿಸಿ ಮಷೀನ್ ಹೊಲಿಗೆ. ಒಳಪದರಗಳನ್ನು ಒಂದರ ಮೇಲೊಂದು ಏರಿಸದೆ ಅಂಚಿಗೆ ಅಂಚು ತಾಗಿಸಿ ದೊಡ್ಡ ದೊಡ್ಡ ಹೊಲಿಗೆ. ಕೆಳಪದರದ ಒಂದು ಅಂಚನ್ನು ಒಳಕ್ಕೆ ಮಡಿಸಿ ಇನ್ನೊಂದರ ಮೇಲೆ ಕೂರಿಸಿ ಕೈಯಲ್ಲಿ ಹೆಮ್ಮಿಂಗ್. ಕೊನೆಗೆ ಬಿಟ್ಟ ಜಾಗದ ಮೇಲೆ ಕೌದಿ ಹೊಲಿಗೆ ಮುಂದುವರಿಸಿ.

ಒಳಪದರ ಏರಿಸಬೇಡಿ ಅಂದದ್ದಕ್ಕೆ ಕಾರಣವಿದೆ. ಆರಡಿ ಮಂಚದ ಮೇಲೆ 54 ಇಂಚಿನ ಹಳೇ ಕೌದಿ ನಡುವೆ ಬಂದರೆ, ಜೋಡಣೆ ಹಾಸಿಗೆಯ ಅಂಚಿನಿಂದ 9 ಇಂಚು ಒಳಗೆ ಬೀಳುತ್ತದೆ, ಮಲಗಿದವರ ಮೈಮೇಲೆ. ಅಲ್ಲಿ ದಿಂಡು ಕಟ್ಟಿದರೆ ರಾತ್ರಿಯೆಲ್ಲ ಕೈಗೆ ಸಿಗುತ್ತಿರುತ್ತದೆ. ಹೊಸ ಭಾಗಕ್ಕೆ ಗಟ್ಟಿಯಾದ ಹೊಸ ಬಟ್ಟೆಯನ್ನೂ ಹಾಕಬೇಡಿ. ನವೆದ ಬಟ್ಟೆಯ ಪಕ್ಕಕ್ಕೆ ಹೊಸದು ಹೊಲಿದರೆ ಎಳೆತಕ್ಕೆ ಹರಿಯುವುದು ಹಳೆಯದೇ. ಉಟ್ಟು ಮೆತ್ತಗಾದ ಸೀರೆ, ಪಂಚೆ ಇದಕ್ಕೆ ಸರಿ.

ನಕ್ಷೆ, ಲೆಕ್ಕ ಯಾವುದೂ ಇಲ್ಲದೆ ಮಂಚಕ್ಕೆ ಸರಿಯಾದ ಕೌದಿ ಹೊಲಿಯುವವರೂ ಕರ್ನಾಟಕದಲ್ಲಿದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರ ಕವಂದಿ ಅಂಥದ್ದು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬಗ್ಗೆ ಬರೆದಿದ್ದಾರೆ; 2011ರಲ್ಲಿ ನ್ಯೂಯಾರ್ಕ್‌ನ ಷೋಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನವೂ ನಡೆಯಿತು. ಅವರು ಚೌಕ ಚೌಕ ಜೋಡಿಸಿ ಹೊರಕ್ಕೆ ಬೆಳೆಸುವುದಿಲ್ಲ. ಕೆಳಪದರದ ಸೀರೆ ಹಾಸಿ, ಒಂದು ಮೂಲೆಯಲ್ಲಿ ಚೂರು ಇಟ್ಟು ಹೊಲಿಯುತ್ತ ಅಂಚಿನ ಸುತ್ತ ಬರುತ್ತಾರೆ, ಸುತ್ತು ಸುತ್ತಾಗಿ ಒಳಕ್ಕೆ ಹೋಗಿ ನಡುವಿನಲ್ಲಿ ಮುಗಿಸುತ್ತಾರೆ. ತೇಪೆ ಹಚ್ಚುವುದು, ಪದರ ಸೇರಿಸಿ ಹೊಲಿಯುವುದು ಎರಡೂ ಒಟ್ಟಿಗೇ ಆಗಿಹೋಗುತ್ತದೆ. ನಾಲ್ಕು ಮೂಲೆಗೆ ಬಟ್ಟೆ ಮಡಿಸಿ ಮಾಡಿದ ‘ಫುಲಾ’ ಇಡದಿದ್ದರೆ ಕವಂದಿ ಪೂರ್ತಿಯಾದಂತಲ್ಲ. ಈ ಕ್ರಮದಲ್ಲಿ ಆಮೇಲೆ ದೊಡ್ಡದು ಮಾಡೋಣ ಅನ್ನುವ ಮಾತಿಲ್ಲ, ಕೆಳಗೆ ಹಾಸಿದ ಬಟ್ಟೆಯೇ ಅಳತೆ. ಅಳೆದು ಕತ್ತರಿಸುವ ತಾಳ್ಮೆ ಇಲ್ಲದವರು 98 ಇಂಚಿನ ಕೆಳಪದರ ಸಿದ್ಧ ಮಾಡಿಕೊಂಡು ಈ ದಾರಿಯಲ್ಲಿ ಹೋಗಬಹುದು. ಬಣ್ಣದ ಕಣ್ಣು ಮಾತ್ರ ಚೆನ್ನಾಗಿರಬೇಕು.

ಚೌಕದ ಮಾದರಿಗೆ ಬಂದರೆ, ದೊಡ್ಡ ಕೌದಿ ಹೊಲಿಯುವಾಗ ಕಾಡುವ ತೊಂದರೆ ಪದರಗಳು ಸರಿಯುವುದು. ನಡುಮನೆಯ ನೆಲ ಒರೆಸಿ, ಕೆಳಪದರವನ್ನು ಬಿಗಿಯಾಗಿ ಹಾಸಿ ಅಂಚಿಗೆ ಟೇಪು ಅಂಟಿಸಿ. ಮೇಲೆ ಮೇಲೆ ಪದರ ಹರಡಿ, ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರುತ್ತ ಸುಕ್ಕು ತೆಗೆಯಿರಿ. ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಹಾಕಿ. ಈ ಕೆಲಸಕ್ಕೆ ಇಬ್ಬರು ಬೇಕು. ಆಮೇಲಿನ ಹೊಲಿಗೆಯನ್ನು ನಡುವಿನಿಂದ ಶುರು ಮಾಡಿದರೆ ಸುಕ್ಕು ಹೊರಗೆ ಹೋಗುತ್ತದೆ, ಅಂಚಿನಿಂದ ಶುರು ಮಾಡಿದರೆ ನಡುವೆ ಗುಡ್ಡೆ ಬೀಳುತ್ತದೆ. ಸಿದ್ದಿ ಹೆಂಗಸರಿಗೆ ಆ ತೊಂದರೆ ಇಲ್ಲ, ಅವರು ಚೂರುಗಳನ್ನು ಹಚ್ಚುತ್ತಲೇ ಸರಿಮಾಡಿಕೊಂಡು ಹೋಗುತ್ತಾರೆ.

ದಾರದ ಲೆಕ್ಕ ಸುಲಭ. ಸಾಲಿನಿಂದ ಸಾಲಿಗೆ ಒಂದಿಂಚು ಇಟ್ಟರೆ 90 ಸಾಲು, ಸಾಲಿಗೆ 90 ಇಂಚು. ಪದರಗಳೊಳಗೆ ಹೋಗಿಬರುವುದೂ ಸೇರಿ ಸುಮಾರು 250 ಮೀಟರ್. ಅರ್ಧ ಇಂಚಿಗೊಂದು ಸಾಲು ಹಾಕಿದರೆ 500. ಒಂದೇ ಬಣ್ಣದ ದಾರವನ್ನು ಮೊದಲೇ ಅಷ್ಟೂ ತಂದಿಟ್ಟುಕೊಳ್ಳಿ, ಅರ್ಧಕ್ಕೆ ಮುಗಿದರೆ ಅದೇ ಛಾಯೆ ಮತ್ತೆ ಸಿಗುವುದು ಕಷ್ಟ.

ಅಗಲ ಉದ್ದ ಎರಡೂ 90 ಆದದ್ದರಿಂದ ಇನ್ನೊಂದು ಅನುಕೂಲ. ಕೌದಿ ಬೇಗ ಮಾಸುವುದು, ನವೆಯುವುದು ಗಲ್ಲಕ್ಕೆ ತಾಗುವ ತಲೆ ಕಡೆ. ಪ್ರತಿ ಒಗೆತದ ನಂತರ ಕಾಲು ಸುತ್ತು ತಿರುಗಿಸಿ ಹಾಸಿದರೆ ಸವೆತ ನಾಲ್ಕು ಅಂಚಿಗೂ ಹಂಚಿಹೋಗುತ್ತದೆ. ತಲೆ ಕಡೆ ಯಾವುದಿತ್ತೆಂದು ಮರೆಯುವವರು ಒಂದು ಮೂಲೆಯ ಕೆಳಪದರದಲ್ಲಿ ಬಣ್ಣದ ದಾರದ ಒಂದು ಗುರುತು ಹಾಕಿಕೊಳ್ಳಬಹುದು.